ಮೇಲಿನ ಸಿಹಿನೀರು

ನನ್ನ ಭಾವ ಸೀವರನ ಬಗ್ಗೆ ಹೇಳಬೇಕೆಂದರೆ ಮೊದಲು ಅವನ ನಾಲಿಗೆಯ ಬಗ್ಗೆ ಹೇಳಬೇಕು. ಮಾತಾಡುವ ನಾಲಿಗೆಯಲ್ಲ, ಆ ವಿಷಯದಲ್ಲಿ ಅವನು ಕಡುಬಡವ. ರುಚಿ ನೋಡುವ ನಾಲಿಗೆ. ಗ್ಲೊಮ್ಮಾ ನದಿ ಸಮುದ್ರಕ್ಕೆ ಬಿದ್ದು ಮುಗಿಯುವ ಜಾಗ ನಮ್ಮದು. ಇಲ್ಲಿಯ ನೀರಿಗೆ ಒಂದು ಬುದ್ಧಿ ಅಂತಿಲ್ಲ. ಮೇಲೆ ಹಿಮ ಕರಗಿದಾಗ ಹೊರಗಿನ ದ್ವೀಪಗಳವರೆಗೂ ಸಿಹಿ, ಹೊಳೆ ಸೊರಗಿದಾಗ ನಮ್ಮ ಧಕ್ಕೆಯವರೆಗೂ ಉಪ್ಪು. ಇವತ್ತು ಸಿಹಿ ಎಲ್ಲಿಂದ ಶುರು ಎಂದು ಯಾರಿಗೆ ತಿಳಿಯಬೇಕಾದರೂ ಸೀವರನನ್ನು ಕೇಳಬೇಕು. ಅವನು ದೋಣಿಯಂಚಿನಿಂದ ಬಗ್ಗಿ ಅಂಗೈಯಲ್ಲಿ ನೀರೆತ್ತಿ, ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ, ಉಗುಳಿ, "ಸಿಹಿ" ಎನ್ನುತ್ತಿದ್ದ. ಇಲ್ಲದಿದ್ದರೆ, "ಇನ್ನೂ ಮೇಲೆ ಹೋಗ್ರೋ." ಅಷ್ಟೇ. ಅದರ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಭಾವ ಎನ್ನುತ್ತೇನಾದರೂ ನಾನು ಅವನಿಗೆ ಬಹುವಚನ ಕೊಟ್ಟವಳಲ್ಲ. ಅಕ್ಕ ಮತೇಯಾಳನ್ನು ಮದುವೆಯಾಗುವ ಮೊದಲು ಅವನು ನಮ್ಮ ಪಕ್ಕದ ಮನೆಯ ಹುಡುಗ, ಚರ್ಚಿಗೆ ಹೊರಟವಳ ಜಡೆಗೆ ಬಂಗಡೆ ಮೀನಿನ ಬಾಲ ಕಟ್ಟಿ ಕಳಿಸಿದವನು. ಅಂಥವನಿಗೆ ಯಾವ ಬಹುವಚನ?

ನೀರಿನ ರುಚಿ ನೋಡುವುದು ಶೋಕಿಯ ಕೆಲಸವಾಗಿರಲಿಲ್ಲ. ಬೇಸಿಗೆಯಿಡೀ ಉಪ್ಪುನೀರಲ್ಲಿ ಬಂಗಡೆ ಹಿಡಿದು ಬರುವ ಮರದ ದೋಣಿಗಳಿಗೆ ಕೊರೆಹುಳ ಹತ್ತುತ್ತದೆ. ಆ ಕಾಲ ಮುಗಿದ ಕೂಡಲೇ ದೋಣಿಗಳನ್ನು ಹೊಳೆಯಲ್ಲಿ ಮೇಲಕ್ಕೆ ತಂದು, ಸಿಹಿತಿರುವು ಎಂದು ನಾವು ಕರೆಯುವ ಕಡೆ ಕಟ್ಟಿಹಾಕುವುದು ನಮ್ಮ ಅಜ್ಜಂದಿರಿಂದ ಬಂದ ರೂಢಿ. ಸಿಹಿನೀರು ಕುಡಿದು ಹುಳ ಸಾಯುತ್ತದೆ, ದೋಣಿ ಬದುಕುತ್ತದೆ. ಎಲ್ಲಿ ಕಟ್ಟಬೇಕು ಎನ್ನುವುದನ್ನು ಪ್ರತಿ ವರ್ಷ ಸೀವರನ ನಾಲಿಗೆ ಹೇಳುತ್ತಿತ್ತು.

ಹುಳ ಎಂದರೆ ಮಾತ್ರ ಅವನಿಗೆ ಎಲ್ಲಿಲ್ಲದ ಸಿಟ್ಟು. "ಹುಳ ಅಲ್ವೋ ಮಾರಾಯ ಅದು! ಕಪ್ಪೆಚಿಪ್ಪಿನ ವಂಶ. ತಲೇಲಿ ನೋಡು, ಅರ್ಧ ಬೇಳೆಯಷ್ಟು ದೊಡ್ಡ ಎರಡು ಚಿಪ್ಪು. ಅದರಲ್ಲೇ ಮರ ಕೆರೆಯೋದು." ಅನುಮಾನ ಬಂದವರು ದೋಣಿಯ ಹಲಗೆಯಿಂದ ಒಂದು ಚೂರು ಕೆತ್ತಿಕೊಂಡು ಅವನ ಅಡುಗೆಮನೆಗೆ ಬರುತ್ತಿದ್ದರು. ಅವನು ಅದನ್ನು ಬೋಗುಣಿಯ ಸಮುದ್ರದ ನೀರಲ್ಲಿ ಇಟ್ಟು ಕಾಯುತ್ತಿದ್ದ. ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಎರಡು ಬಿಳಿ ಎಳೆ ಹೊರಗೆ ಬಂದು ಅಲ್ಲಾಡಿದರೆ ಒಳಗೆ ಜೀವ ಇದೆ ಎಂದರ್ಥ. ಮತೇಯಾ ಪ್ರತಿ ಸಲ ರೇಗುತ್ತಿದ್ದಳು, "ಹಿಟ್ಟು ಕಲಸೋ ಬೋಗುಣೀನೇ ಬೇಕಿತ್ತಾ ನಿನಗೆ? ಬೇರೆ ಪಾತ್ರೆ ಸತ್ತು ಹೋಗಿದ್ವಾ?" ರೇಗುತ್ತಲೇ ಬಂದವರಿಗೆ ಕಾಫಿ ಬಗ್ಗಿಸುತ್ತಿದ್ದಳು.

ಮರ ಕೊರೆಯುವುದೆಲ್ಲ ಒಂದೇ ಅಲ್ಲ ಎಂದು ನನಗೆ ಗೊತ್ತಾದದ್ದೂ ಆ ಅಡುಗೆಮನೆಯಲ್ಲೇ. ಒಂದು ಚಿಕ್ಕ ಜಾತಿ ಇದೆ. ಅದು ಉಗುರಿನಾಳದ ಗುಂಡಿ ತೋಡಿ ಅಲ್ಲೇ ಕೂರುತ್ತದೆ, ಗುಂಡಿಯ ಗೋಡೆಗೆ ಸುಣ್ಣ ಬಳಿಯುವುದಿಲ್ಲ. ಅದು ಹತ್ತಿದರೆ ಕೆರೆದು ಡಾಂಬರು ಬಳಿದರಾಯಿತು. ನಿಜವಾದ ಕೊರೆಹುಳ ಹಾಗಲ್ಲ, ಹಲಗೆಯ ಉದ್ದಕ್ಕೂ ಸುರಂಗ ಹೊಡೆದು, ಒಳಗೆ ಬಿಳಿ ಸುಣ್ಣದ ಕೊಳವೆ ಕಟ್ಟಿಕೊಂಡು ಸಂಸಾರ ಹೂಡುತ್ತದೆ. ಅದರಲ್ಲೂ ಬೇರೆ ಬೇರೆ ಜಾತಿ. ಯಾವುದು ಎಂದು ತಿಳಿಯಲು ಚಿಪ್ಪು ನೋಡಿ ಪ್ರಯೋಜನವಿಲ್ಲ, ಬಾಲ ನೋಡಬೇಕು. ತೂತಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳಲು ಅದರ ಬಾಲದಲ್ಲಿ ದೋಣಿಯ ಹುಟ್ಟಿನಾಕಾರದ ಎರಡು ಸಣ್ಣ ಬಿಲ್ಲೆಗಳಿರುತ್ತವೆ. ಬಿಲ್ಲೆಯ ತುದಿ ದುಂಡಗಿದ್ದರೆ ಅದು ಹೊರ ಸಮುದ್ರದ್ದು, ನೀರು ಸ್ವಲ್ಪ ಸಪ್ಪೆಯಾದರೂ ಸಾಯುತ್ತದೆ. ತುದಿ ಕವಲೊಡೆದಿದ್ದರೆ ಅದು ಕಡು ಖದೀಮ, ಅರೆ ಉಪ್ಪಿನಲ್ಲೂ ಬಾಳುತ್ತದೆ. ಸೀವರ್ ಮತೇಯಾಳ ಕನ್ನಡಕ ಮೂಗಿಗೇರಿಸಿ ಬಿಲ್ಲೆ ನೋಡಿ ತೀರ್ಪು ಕೊಡುತ್ತಿದ್ದ: "ಉಳಿಯುತ್ತೆ." ಅಥವಾ "ಸುಡು."

ನಮ್ಮ ಮನೆಯ ದೋಣಿಗೂ ಅವನು "ಸುಡು" ಎಂದಿದ್ದ. ಯುದ್ಧಕ್ಕೆ ಮುಂಚಿನ ಮಾತು. ನನ್ನ ಗಂಡ ಯಾಲ್ಮರನಿಗೆ ಅವರಪ್ಪ ಬಿಟ್ಟುಹೋಗಿದ್ದ ದೋಣಿ ಅದು. ಯಾಲ್ಮರ್ ಅಂಗಲಾಚಿದ. "ಒಂದೆರಡು ಹಲಗೆ ಬದಲಾಯಿಸಿದ್ರೆ ಸಾಕಾಗಲ್ವೇನೋ, ಸೀವರ್? ಇನ್ನೊಂದ್ಸಲ ನೋಡು." ಸೀವರ್ ಕಡ್ಡಿ ಮುರಿದಂತೆ ಹೇಳಿದ, "ಅಡಿಮರಕ್ಕೆ ಹತ್ತಿದೆ. ಅಡಿಮರ ಬದಲಾಯಿಸೋದು ಅಂದ್ರೆ ಹೊಸ ದೋಣಿ ಕಟ್ಟೋದು. ಇದನ್ನ ಹತ್ತಿಕೊಂಡು ಹೊರಗೆ ಹೋದ್ರೆ ಟೊಮಿನೆ ವಿಧವೆ ಆಗ್ತಾಳೆ." ಟೊಮಿನೆ ಎಂದರೆ ನಾನು. ಜೂನಿನ ಸಂತ ಯೋಹಾನರ ಹಬ್ಬದಲ್ಲಿ ಹಳೆಯ ದೋಣಿಗಳನ್ನು ಸುಡುವುದು ಇಲ್ಲಿಯ ಪದ್ಧತಿ, ಬೆಂಕಿ ಇಡಬೇಕಾದವನು ದೋಣಿಯ ಯಜಮಾನ. ಪಂಜನ್ನು ಯಾಲ್ಮರನ ಕೈಗೆ ಕೊಟ್ಟವನೂ ಸೀವರನೇ. ನನ್ನ ಗಂಡ ಊರಿನ ಮುಂದೆ ಮಗುವಿನ ಹಾಗೆ ಅತ್ತ. ಅದು ಸರಿಯಾದ ತೀರ್ಪೇ ಇರಬಹುದು, ಆದರೆ ಒಂದು ಒಳ್ಳೆಯ ಮಾತು ಸೇರಿಸಿ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಆಮೇಲೆ ನಾವೊಂದು ಸಣ್ಣ ಚಪ್ಪಟೆ ದೋಣಿ ಮಾಡಿಕೊಂಡು ದ್ವೀಪಗಳ ಒಳಗೊಳಗೇ ಬಲೆ ಹಾಕಿ ಹೊಟ್ಟೆ ಹೊರೆದೆವು.

ಸೀವರನ ದೋಣಿ ಹಾಗಲ್ಲ. ಓಕ್ ಮರದ ಅಡಿ, ಪೈನ್ ಹಲಗೆ, ನೀರಲ್ಲಿ ಆಳಕ್ಕೆ ಕೂರುವ ಹೊಟ್ಟೆ. ತಾಯಿಯ ಹೆಸರು ಇಟ್ಟಿದ್ದ, ಒಲೇಯಾ. ಎಂಥ ಗಾಳಿಗೂ ಅದು ವಾಲುತ್ತಿರಲಿಲ್ಲ, ದ್ವೀಪ ದಾಟಿ ವಾರಗಟ್ಟಲೆ ಹೊರ ಸಮುದ್ರದಲ್ಲಿರುತ್ತಿತ್ತು. ನಮ್ಮಲ್ಲಿ ದೋಣಿ ಇಲ್ಲದ ಗಂಡಸಿಗೆ ಇರುವುದು ಒಂದೇ ದಾರಿ: ಹೊಳೆಯ ಆಚೆ ದಡದಲ್ಲಿ ಮರ ಬೇಯಿಸಿ ಕಾಗದದ ತಿರುಳು ಮಾಡುವ ಕಾರ್ಖಾನೆ. ಕೊಳೆತ ಎಲೆಕೋಸಿನ ವಾಸನೆಯ ಹೊಗೆ, ಸೈರನ್ ಆದರೆ ಒಳಗೆ, ಸೈರನ್ ಆದರೆ ಹೊರಗೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಸೀವರ್ ಮೂಗು ಮುಚ್ಚಿಕೊಂಡು ಹೇಳುತ್ತಿದ್ದ, "ಆ ಗೇಟಿನೊಳಗೆ ನಾನು ಹೋಗೋದಾದ್ರೆ ನಾಲ್ಕು ಜನದ ಹೆಗಲ ಮೇಲೆ." ಒಲೇಯಾ ಇರುವವರೆಗೆ ಅವನು ಯಾರ ಸೈರನ್ನಿಗೂ ಏಳಬೇಕಾಗಿರಲಿಲ್ಲ. ಅವನ ಸೊಕ್ಕು, ಅವನ ಸಂತೋಷ ಎಲ್ಲ ಅದೊಂದರಲ್ಲೇ ಇತ್ತು.

ಯುದ್ಧ ಮುಗಿದ ಎರಡನೇ ವಸಂತದಲ್ಲಿ ಅಕ್ಕನ ಕೆಮ್ಮಿನಲ್ಲಿ ರಕ್ತ ಬಂತು. ರೈಲಿನಲ್ಲಿ ಒಳನಾಡಿನ ಕ್ಷಯದ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ಸೀವರನನ್ನು ಪಕ್ಕಕ್ಕೆ ಕರೆದು, ಬೇಸಿಗೆ ದಾಟುವುದು ಕಷ್ಟ ಎಂದರು. ಬಂಗಡೆಗೆ ಹೊರಟರೆ ವಾರಗಟ್ಟಲೆ ಸುದ್ದಿ ಮುಟ್ಟುವ ಹಾಗಿಲ್ಲ. ಅವನು ಆ ವರ್ಷ ಹೋಗುವುದಿಲ್ಲ ಎಂದುಬಿಟ್ಟ. ಬುದ್ಧಿ ಕಂಡಾಗಿನಿಂದ ಒಂದು ಬೇಸಿಗೆಯನ್ನೂ ದಡದಲ್ಲಿ ಕಳೆಯದ ಮನುಷ್ಯ! ನನಗಂತೂ ನಂಬಲಾಗಲಿಲ್ಲ.

"ದೋಣಿ ಏನ್ಮಾಡ್ತೀಯ ಭಾವ? ಮೇಲೆಳೆದು ಇಡ್ತೀಯಾ?" ಎಂದೆ.

"ಬಿಸಿಲಿಗೆ ಒಣಗಿಸಿದ್ರೆ ಹಲಗೆ ಹಲಗೆಗೆ ಬಾಯಿ ಬಿಡುತ್ತೆ ಕಣೇ. ಸಿಹಿತಿರುವಿನಲ್ಲಿ ಕಟ್ಟಿರ್ತೀನಿ. ಸಿಹಿನೀರಲ್ಲಿ ಅವಳಿಗೇನು ಆಗುತ್ತೆ? ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿರ್ತಾಳೆ."

ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ಕಾರಣವೂ ಇರಲಿಲ್ಲ. ಯುದ್ಧದಿಂದೀಚೆಗೆ ಹುಳ ತಡೆಯಲು ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣ ಯಾರಿಗೂ ಸಿಕ್ಕಿರಲಿಲ್ಲ, ಬರೀ ಡಾಂಬರಿನಲ್ಲೇ ದಿನ ದೂಡುತ್ತಿದ್ದೆವು, ಸಿಹಿನೀರೊಂದೇ ಕಾವಲು. ಸೀವರ್ ತಿರುವಿನಲ್ಲಿ ಬಗ್ಗಿ ರುಚಿ ನೋಡಿದ, ಸಿಹಿ ಎಂದ, ಹಗ್ಗ ಬಿಗಿದ. ನಮ್ಮ ಚಪ್ಪಟೆ ದೋಣಿಯನ್ನೂ ಕೆಲಸವಿಲ್ಲದ ದಿನಗಳಲ್ಲಿ ಅದರ ಪಕ್ಕದಲ್ಲೇ ಕಟ್ಟುತ್ತಿದ್ದೆವು. ವಾರವೆಲ್ಲ ಅವನು ಯಾಲ್ಮರನ ಜೊತೆ ಸಣ್ಣ ಬಲೆ ಎಳೆಯುತ್ತಿದ್ದ, ಭಾನುವಾರ ಬಂತೆಂದರೆ ಕರಿ ಕೋಟು ತೊಟ್ಟು ರೈಲು ಹತ್ತುತ್ತಿದ್ದ. ಹೆಂಡತಿಯ ಮಂಚದ ಪಕ್ಕ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಅವಳು ಕೇಳುತ್ತಿದ್ದಳು, "ಒಲೇಯಾ ಹೇಗಿದ್ದಾಳೆ?" ಇವನು, "ನಿದ್ದೆ ಮಾಡ್ತಿದ್ದಾಳೆ. ನೀನೂ ಮಾಡು." ಅಷ್ಟೇ ಅವರ ಮಾತು. ಆದರೂ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಆ ಬೇಸಿಗೆ ಮಳೆಯೇ ಬರಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಗ್ಲೊಮ್ಮಾ ದಡದ ಕಲ್ಲುಗಳನ್ನೆಲ್ಲ ಬಿಟ್ಟುಕೊಟ್ಟು ನಡುವಿಗೆ ಸರಿಯಿತು. ಕಾರ್ಖಾನೆಗೆ ಬರುವ ದಿಮ್ಮಿಗಳು ಎಲ್ಲೋ ಮೇಲೆ ಬಂಡೆಗಳ ಮಧ್ಯೆ ಸಿಕ್ಕಿಬಿದ್ದವು. ಸೀವರ್ ವಾರಕ್ಕೊಮ್ಮೆ ತಿರುವಿಗೆ ಹೋಗಿ ನೀರು ಸವಿದು ಬರುತ್ತಿದ್ದ. ಸಿಹಿ. ಪ್ರತಿ ಸಲವೂ ಸಿಹಿಯೇ.

ಆಗಸ್ಟಿನ ಒಂದು ಸಂಜೆ ಯಾಲ್ಮರ್ ನಗುತ್ತ ಬಂದ. ಕೈಯಲ್ಲೊಂದು ಕಾಡ್ ಮೀನು, ಮೊಳಕೈಯಷ್ಟುದ್ದ. "ಎಲ್ಲಿ ಸಿಕ್ಕಿತು ಹೇಳಿ ನೋಡೋಣ! ಸಿಹಿತಿರುವಿನ ತಳದಲ್ಲಿ! ಬೇಜಾರಿಗೆ ಗಾಳ ಬಿಟ್ಟಿದ್ದೆ."

ಸೀವರ್ ನಮ್ಮ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಅಕ್ಕ ಇಲ್ಲದ್ದರಿಂದ ಊಟ ನಮ್ಮಲ್ಲೇ. "ಸುಳ್ಳು ಬಿಡೋದಕ್ಕೂ ಒಂದು ಮಿತಿ ಇರ್ಲಿ" ಎಂದ.

"ನಿನ್ನಾಣೆ ಕಣೋ. ಕಾಡ್ ಮೀನಿಗೆ ಉಪ್ಪು ಬೇಕಲ್ವಾ? ಅಲ್ಲಿಗೆ ಹೇಗೆ ಬಂತು?"

"ದಾರಿ ತಪ್ಪಿ ಬಂದಿರುತ್ತೆ. ನಿನ್ನ ಹಾಗೆ."

"ಅಲ್ಲಾ, ಒಂದ್ಸಲ ಹೋಗಿ ನೋಡಬಾರ್ದಾ..."

"ಮೊನ್ನೆ ತಾನೆ ನೋಡಿ ಬಂದಿದೀನಿ. ಸಿಹಿ. ಈ ನಾಲಿಗೆಗಿಂತ ನಿನ್ನ ಮೀನಿಗೆ ಜಾಸ್ತಿ ಗೊತ್ತೇನೋ?"

ನಾವೆಲ್ಲ ನಕ್ಕೆವು. ಮೀನನ್ನು ಬೇಯಿಸಿ, ಆಲೂಗಡ್ಡೆ ಮೇಲೆ ಬೆಣ್ಣೆ ಹಾಕಿಕೊಂಡು ತಿಂದೆವು. ಚೆನ್ನಾಗಿತ್ತು ಎಂದು ಸೀವರನೇ ಹೇಳಿದ. ಆ ಮೀನು ಕಿರುಚಿ ಹೇಳುತ್ತಿದ್ದ ಮಾತು ನಮ್ಮಲ್ಲಿ ಒಬ್ಬರ ಕಿವಿಗೂ ಬೀಳಲಿಲ್ಲ, ತಿಂದು ತೇಗಿದೆವು.

ಅಕ್ಕ ಬೇಸಿಗೆ ದಾಟಿದಳು. ಚಳಿಗಾಲವನ್ನೂ ದಾಟಿದಳು. ಡಾಕ್ಟರೇ ಆಶ್ಚರ್ಯಪಟ್ಟರು. ಇನ್ನೊಂದು ಬೇಸಿಗೆ ಇಲ್ಲಿದ್ದರೆ ಶರತ್ಕಾಲಕ್ಕೆ ಮನೆಗೆ ಹೋಗಬಹುದು ಎಂದರು. ಸೀವರ್ ಆ ಭಾನುವಾರ ರೈಲಿನಲ್ಲಿ ನನ್ನೆದುರು ಕೂತು ಕಿಟಕಿಯಾಚೆ ನೋಡುತ್ತ, ಅವನಷ್ಟಕ್ಕೆ ಅವನೇ ಶಿಳ್ಳೆ ಹಾಕಿದ. ಅವನು ಶಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಮಾರ್ಚಿನಲ್ಲಿ ಒಲೇಯಾ ನೀರು ಕುಡಿಯತೊಡಗಿತು. ಬೆಳಿಗ್ಗೆ ಪಂಪು ಹೊಡೆದು ಖಾಲಿ ಮಾಡಿದರೆ ಸಂಜೆಗೆ ಮತ್ತೆ ತಳ ಮುಚ್ಚುವಷ್ಟು ನೀರು. ಹಿಮಗಡ್ಡೆಗೆ ಸಿಕ್ಕಿ ಸಂದಿ ಬಿಟ್ಟಿದೆ ಎಂದ ಸೀವರ್. ಏಪ್ರಿಲ್‌ನಲ್ಲಿ ಅದನ್ನು ದೋಣಿ ಕಟ್ಟುವ ಬಡಗಿ ಗುಲ್ಲಿಕನ ಕಟ್ಟೆಗೆ ತಂದು ಮೇಲೆಳೆದರು. ಒಲೇಯಾವನ್ನು ಕಟ್ಟಿದವನು ಗುಲ್ಲಿಕನ ಅಪ್ಪ. ನಾನು ಗಂಡಸರಿಗೆ ಕಾಫಿಯ ಕೆಟ್ಲು ತಗೊಂಡು ಹೋಗಿದ್ದೆ. ಯುದ್ಧದ ಕಾಲದ್ದೇ ಹುರಿದ ಬಾರ್ಲಿಯ ಕಾಫಿ, ಹೆಸರಿಗೆ ಕಾಫಿ.

ನೀರಿಳಿದು ಮೈ ಒಣಗುತ್ತಿದ್ದಂತೆ ಗೆರೆ ಕಾಣಿಸಿತು. ನೀರಿನ ಮಟ್ಟದಿಂದ ಕೆಳಕ್ಕೆ ನನ್ನ ಒಂದು ತೋಳಿನುದ್ದ ಹಲಗೆ ಚೊಕ್ಕವಾಗಿತ್ತು, ಡಾಂಬರು ಕೂಡ ಹೊಳೆಯುತ್ತಿತ್ತು. ಅಲ್ಲಿಂದ ಕೆಳಗೆ, ಯಾರೋ ಅಳತೆಕೋಲು ಹಿಡಿದು ಎಳೆದ ಹಾಗೆ ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆ, ಅದರ ಕೆಳಗೆಲ್ಲ ಸೂಜಿ ಚುಚ್ಚಿದಂಥ ತೂತುಗಳು. ಬೆರಳಿಡಲು ಜಾಗವಿಲ್ಲ. ಪಕ್ಕದಲ್ಲೇ ಕಟ್ಟಿದ್ದ ನಮ್ಮ ಚಪ್ಪಟೆ ದೋಣಿಗೆ ಒಂದೂ ತೂತಿರಲಿಲ್ಲ, ಅದರ ತಳ ಆ ಗೆರೆಯವರೆಗೆ ಮುಟ್ಟುವುದೇ ಇಲ್ಲವಲ್ಲ.

ಈ ಊರಿನಲ್ಲಿ ಇಂಥ ಹೊತ್ತಿಗೆ ಮಾತಾಡುವವನು ಒಬ್ಬನೇ, ಅವನ ಬಾಯಿಗಾಗಿ ಎಲ್ಲರೂ ಕಾದೆವು. ಸೀವರ್ ಮುಂದಿನಿಂದ ಹಿಂದಿನವರೆಗೆ ಗೆರೆಯುದ್ದಕ್ಕೂ ನಡೆದು ಬಂದ.

"ಚಿಕ್ಕ ಜಾತಿ ಇರಬೇಕು" ಎಂದ. "ಉಗುರಿನಾಳ. ಕೆರೆದು ಬಳಿದ್ರೆ ಆಯ್ತು."

ಅವನ ಮುಖ ನೋಡಲಾಗಲಿಲ್ಲ ನನಗೆ. ಚಿಕ್ಕ ಜಾತಿ ಇಲ್ಲೆಲ್ಲ ಬರುವುದಿಲ್ಲ, ಅದು ಹೊರಗಿನ ಆಳ ನೀರಿನದು ಎಂದು ಅವನ ಅಡುಗೆಮನೆಯಲ್ಲಿ ಅವನೇ ಎಷ್ಟು ಸಲ ಹೇಳಿರಲಿಲ್ಲ! ನನ್ನ ಗಂಡನ ಕಡೆ ನೋಡಿದೆ. ಈಗ ಹೇಳು ಎಂದುಕೊಂಡೆ ಮನಸ್ಸಿನಲ್ಲಿ, ಅವತ್ತು ನಿನ್ನನ್ನು ಅಳಿಸಿದನಲ್ಲ, ಈಗ ಕಡ್ಡಿ ಮುರಿದಂತೆ ನೀನು ಹೇಳು.

ಯಾಲ್ಮರ್ ಬಗ್ಗಿ ಹಲಗೆ ಸವರಿದ. "ಹೂಂ. ನನಗೂ ಚಿಕ್ಕದೇ ಅನ್ಸುತ್ತೆ" ಎಂದ.

"ಇರಬಹುದು" ಎಂದ ಗುಲ್ಲಿಕ್, ನೆಲ ನೋಡುತ್ತ. "ಈ ವರ್ಷ ಎಲ್ಲ ಕಡೆ ಅದೇ ಜಾಸ್ತಿ."

ಹುಟ್ಟಿದಂದಿನಿಂದ ಸುಳ್ಳು ಹೇಳಲು ಬರದ ಇಬ್ಬರು ಗಂಡಸರು. ಅವರ ಆ ಮಾತು ಕೇಳಿ ಸೀವರನ ಮುಖ ಬಿಳಿಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನು ಯಾಲ್ಮರನನ್ನೇ ದಿಟ್ಟಿಸಿ, "ನಿನ್ನ ದೋಣಿಗೆ ನಾನು ಹಾಗೆ ಹೇಳಿರ್ಲಿಲ್ಲ" ಎಂದ. ಗುಲ್ಲಿಕನ ಪೆಟ್ಟಿಗೆಯಿಂದ ದಬ್ಬಳ ಎತ್ತಿಕೊಂಡು ಗೆರೆಯ ಕೆಳಗೆ ಒತ್ತಿದ. ಅದು ಬ್ರೆಡ್ಡಿಗೆ ಹೋದಂತೆ ಹಿಡಿಯವರೆಗೂ ಒಳಗೆ ಹೋಯಿತು.

ಆಮೇಲೆ ಉಳಿ ಹಿಡಿದು ಅಡಿಮರದಿಂದಲೇ ಒಂದು ತುಂಡು ಕೆತ್ತಿದ. ಒಳಗೆಲ್ಲ ಬಿಳಿ ಸುಣ್ಣದ ಕೊಳವೆಗಳು, ಒಂದರ ಪಕ್ಕ ಒಂದು, ಮರ ಎನ್ನುವುದು ಕೊಳವೆಗಳ ನಡುವಿನ ಸಿಪ್ಪೆಯಾಗಿ ಮಾತ್ರ ಉಳಿದಿತ್ತು. ಒಂದು ಕೊಳವೆ ಒಡೆದು ಒಳಗಿನದನ್ನು ಮೆಲ್ಲಗೆ ಎಳೆದ. ಬೂದುಬಿಳಿಯ, ಗೇಣುದ್ದಕ್ಕೂ ಮಿಕ್ಕಿದ ಜೀವ ಅಂಗೈಯಲ್ಲಿ ಮಿಸುಕಿತು. ಆಗಲೂ ಅವನಿಗೆ ಒಂದಾಸೆ ಉಳಿದಿತ್ತು, ನನಗೆ ಗೊತ್ತು. ಬಿಲ್ಲೆಯ ತುದಿ ದುಂಡಗಿದ್ದರೆ ಹಳೆಯ ವರ್ಷಗಳಲ್ಲಿ ಹೊರಗೆ ಹತ್ತಿಕೊಂಡದ್ದು, ಎಲ್ಲೋ ಕೆಲವು ಉಳಿದುಕೊಂಡಿವೆ, ಮುಂದೆ ಹಬ್ಬುವುದಿಲ್ಲ. ಜೇಬು ತಡಕಿದ. ಮತೇಯಾಳ ಕನ್ನಡಕ ಅವಳ ಜೊತೆ ಆಸ್ಪತ್ರೆಯಲ್ಲಿತ್ತು.

"ಟೊಮಿನೆ, ಬಾ ಇಲ್ಲಿ" ಎಂದ. "ನಿನ್ನ ಕಣ್ಣು ಚೆನ್ನಾಗಿದೆ. ತುದಿ ನೋಡಿ ಹೇಳು."

ನನಗೇ ಬರಬೇಕಿತ್ತೇ ಆ ಕೆಲಸ! ನೋಡಿದೆ. ಅಕ್ಕಿಕಾಳಿನಷ್ಟು ಸಣ್ಣ ಬಿಲ್ಲೆ, ತುದಿಯಲ್ಲಿ ಎರಡು ಕೊಂಬು.

"ಕವಲು, ಭಾವ" ಎಂದೆ.

ಅವನು ತಲೆಯಾಡಿಸಿದ. ಕಟ್ಟೆಯ ಮೇಲೆ ಬಿದ್ದಿದ್ದ ಖಾಲಿ ಬಾಟಲಿಗೆ ಬಿರಡೆ ಹಾಕಿ, ಕುತ್ತಿಗೆಗೆ ಕಲ್ಲು ಕಟ್ಟಿ, ಬಿರಡೆಗೊಂದು ದಾರ, ಬಾಟಲಿಗೊಂದು ದಾರ ಬಿಗಿದ. ನಮ್ಮ ಚಪ್ಪಟೆ ದೋಣಿ ಹತ್ತಿ ಸಿಹಿತಿರುವಿಗೆ ಹೋದ, ನಾವೂ ಹತ್ತಿದೆವು. ಮೊದಲು ಅಂಗೈಯಲ್ಲಿ ನೀರೆತ್ತಿ ಸವಿದ. ಸಿಹಿ. ಆಮೇಲೆ ಬಾಟಲಿಯನ್ನು ಒಲೇಯಾದ ಅಡಿಮರ ಇದ್ದಷ್ಟು ಆಳಕ್ಕೆ ಇಳಿಸಿ, ಅಲ್ಲಿ ಬಿರಡೆ ಕಿತ್ತು, ತುಂಬಿದ ಮೇಲೆ ಎಳೆದ. ಕುಡಿದು ಉಗುಳಿದ. ಬಾಟಲಿ ಯಾಲ್ಮರನಿಗೆ ಕೊಟ್ಟ, ಯಾಲ್ಮರ್ ಗುಲ್ಲಿಕನಿಗೆ ಕೊಟ್ಟ, ಗುಲ್ಲಿಕ್ ನನಗೆ. ಆಲೂಗಡ್ಡೆ ಬೇಯಿಸುವ ನೀರಿನಷ್ಟು ಉಪ್ಪು. ಹೋದ ಬೇಸಿಗೆ ಹೊಳೆ ಸೊರಗಿದಾಗ ಸಮುದ್ರ ತಳದಲ್ಲಿ ತೆವಳಿಕೊಂಡು ಮೇಲೆ ಬಂದಿತ್ತು, ಹಿಮ ಇನ್ನೂ ಕರಗದ್ದರಿಂದ ಹಿಂದೆ ಸರಿದಿರಲಿಲ್ಲ, ಸಿಹಿನೀರು ಅದರ ಮೇಲೆ ಹೊದಿಕೆಯ ಹಾಗೆ ತೇಲುತ್ತಿತ್ತು. ನಮ್ಮ ಅಜ್ಜಂದಿರ ದೋಣಿಗಳು ನಮ್ಮದರ ಹಾಗೆ ಚಪ್ಪಟೆ, ಹೊದಿಕೆಯ ಕೆಳಗೇನಿದೆ ಎಂದು ಕೇಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ನಾವು ಅವರಂತೆಯೇ ದೋಣಿಯಂಚಿನಿಂದ ಬಗ್ಗಿ, ಕೈಗೆಟುಕಿದ್ದನ್ನು ನೆಕ್ಕಿ, ಹೊಳೆಯನ್ನೇ ಕುಡಿದವರ ಹಾಗೆ ತೀರ್ಪು ಕೊಡುತ್ತಿದ್ದೆವು.

ದೋಣಿ ದಡಕ್ಕೆ ತಾಗಿದಾಗ ಸೀವರ್, "ಸುಡಬೇಕು" ಎಂದ. ಬೇರೆ ಯಾರದೋ ದೋಣಿಗೆ ಹೇಳಿದ ಹಾಗೇ ಹೇಳಿದ.

ಆ ವರ್ಷದ ಹಬ್ಬ ಚೆನ್ನಾಗಿತ್ತು ಎಂದು ಊರವರು ಈಗಲೂ ಹೇಳುತ್ತಾರೆ. ದೊಡ್ಡ ದೋಣಿ, ದೊಡ್ಡ ಬೆಂಕಿ. ಹುಳಿಕೆನೆ ಹಾಕಿದ ವಾಫಲ್, ಅಕಾರ್ಡಿಯನ್, ಬೆಳಕಿನ್ನೂ ಆರದ ಆಕಾಶ. ಷಡ್ಡಕನಾದ್ದರಿಂದ ಈ ಸಲ ಪಂಜು ಕೊಡಬೇಕಾದವನು ಯಾಲ್ಮರ್. ಕೊಟ್ಟ, ಕೊಟ್ಟವನೇ ಹಿಂದಕ್ಕೆ ಬಂದು ನನ್ನ ಕೈ ಹಿಡಿದುಕೊಂಡ. ಒಲೇಯಾ ಸುಲಭಕ್ಕೆ ಹತ್ತಿಕೊಳ್ಳಲಿಲ್ಲ, ಉಪ್ಪು ಕುಡಿದ ಮರ. ಹತ್ತಿಕೊಂಡ ಮೇಲೆ ಸುಣ್ಣದ ಕೊಳವೆಗಳು ಪಟಪಟ ಸಿಡಿದವು. ಜ್ವಾಲೆ ನೀಲಿಗೆ, ಹಸಿರಿಗೆ ತಿರುಗಿತು, ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ಸೀವರ್ ಅಳಲಿಲ್ಲ. ಕರಿ ಕೋಟು ತೊಟ್ಟು ನಿಂತಿದ್ದ. ಅತ್ತಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು. ಇಷ್ಟು ವರ್ಷ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ತಿಳಿಯದೆ, ಹತ್ತಿರದಲ್ಲಿ ಕುಣಿಯುತ್ತಿದ್ದ ಮಕ್ಕಳ ಮೇಲೆ ರೇಗಿಬಿಟ್ಟೆ.

ಹಬ್ಬದ ಮಾರನೇ ವಾರ ಅವನು ಕಾರ್ಖಾನೆಗೆ ಸೇರಿದ. ಯಾರ ಹೆಗಲ ಮೇಲೂ ಅಲ್ಲ, ತನ್ನ ಕಾಲ ಮೇಲೆಯೇ ಗೇಟು ದಾಟಿದ. ತಿರುಳು ಬೇಯಿಸುವ ಕಡೆ ಕೆಲಸ. ಭಾನುವಾರದ ರೈಲು ಮಾತ್ರ ತಪ್ಪಿಸಲಿಲ್ಲ. ಹೊರಡುವ ಮುಂಚೆ ಮೈ ಕೆಂಪಾಗುವಷ್ಟು ಸೋಪು ಹಚ್ಚಿ ಉಜ್ಜಿಕೊಳ್ಳುತ್ತಿದ್ದ. "ಮತೇಯಾಗೆ ಹೇಳಬೇಡ" ಎಂದಿದ್ದ ನನಗೆ. "ಮನೆಗೆ ಬರೋ ತನಕ ಬೇಡ. ಅವಳ ಎದೆಗೆ ಆಗಲ್ಲ."

"ಒಲೇಯಾ ಹೇಗಿದ್ದಾಳೆ?" ಎಂದು ಅಕ್ಕ ಕೇಳಿದರೆ ಇವನು, "ಯಾಲ್ಮರ್ ಹೊರಗೆ ತಗೊಂಡು ಹೋಗಿದಾನೆ. ಒಳ್ಳೆ ಬಂಗಡೆ ಅಂತೆ" ಎನ್ನುತ್ತಿದ್ದ. ಎಂದೂ ಇಷ್ಟು ಮಾತಾಡದವನು! ಅಕ್ಕ ತಲೆಯಾಡಿಸುತ್ತಿದ್ದಳು.

ಜುಲೈನ ಒಂದು ಭಾನುವಾರ ಅವನು ನರ್ಸಿನ ಜೊತೆ ಮಾತಾಡಲು ಹೊರಗೆ ಹೋದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಯಾವಾಗ ಸುಟ್ಟಿದ್ದು?"

"ಏನನ್ನ?"

"ನನ್ನ ಹತ್ತಿರ ನಾಟಕ ಬೇಡ ಟೊಮಿನೆ. ಅವನ ಮೈಯಲ್ಲಿ ಡಾಂಬರಿನ ವಾಸನೆ ಇಲ್ಲ. ಎಷ್ಟು ಸೋಪು ಹಚ್ಚಿದ್ರೂ ಕೂದಲಲ್ಲಿ ಎಲೆಕೋಸು ನಾರ್ತಿದೆ."

ಹೇಳಿದೆ. ಕಾಡ್ ಮೀನಿನಿಂದ ಹಿಡಿದು ಬಾಟಲಿಯವರೆಗೆ ಎಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

"ಆ ಬೇಸಿಗೆ ಅವನು ಸಮುದ್ರಕ್ಕೆ ಹೋಗಿದ್ದಿದ್ರೆ?" ಎಂದಳು ಗೋಡೆಗೆ.

ಹೋಗಿದ್ದಿದ್ದರೆ ಪ್ರತಿ ವರ್ಷದಂತೆ ದಡಕ್ಕೆ ಬಂದಾಗಲೆಲ್ಲ ದೋಣಿಯ ಅಡಿ ನೋಡುತ್ತಿದ್ದ, ಕೆರೆಯುತ್ತಿದ್ದ, ಬಳಿಯುತ್ತಿದ್ದ. ಅದು ಅವಳಿಗೂ ಗೊತ್ತು, ಮೀನುಗಾರನ ಹೆಂಡತಿ ಅವಳು. ನಾನು ಅವಳ ಹೊದಿಕೆ ಸರಿಮಾಡಿದೆ.

"ನಾನು ಸತ್ತಿದ್ರೆ ಅದಕ್ಕೊಂದು ಅರ್ಥ ಆದ್ರೂ ಇರ್ತಿತ್ತು" ಎಂದಳು.

"ಬಾಯ್ಮುಚ್ಚು" ಎಂದೆ. ಅಷ್ಟರಲ್ಲಿ ಸೀವರ್ ಬಾಗಿಲಲ್ಲಿ ಬಂದು ನಿಂತ. ಅಕ್ಕ ಕಣ್ಣೊರೆಸಿಕೊಂಡು ತಿರುಗಿ, "ಒಲೇಯಾಗೆ ಈ ಸಲ ಡಾಂಬರು ಚೆನ್ನಾಗಿ ಬಳಿದ್ಯಾ?" ಎಂದು ಕೇಳಿದಳು. "ಬಳಿದೆ" ಎಂದ ಅವನು. ನಾನು ಇಬ್ಬರ ಮುಖವನ್ನೂ ನೋಡಲಾರದೆ ಕಿಟಕಿಯ ಹತ್ತಿರ ಹೋದೆ.

ಅಕ್ಟೋಬರಿನಲ್ಲಿ ಅವಳು ಮನೆಗೆ ಬಂದಳು. ಅವನು ತಾನಾಗಿ ಏನೂ ಹೇಳಲಿಲ್ಲ, ಅವಳು ಕೇಳಲಿಲ್ಲ. ಧಕ್ಕೆಯಲ್ಲಿ ಒಲೇಯಾದ ಹಗ್ಗ ಸುತ್ತುತ್ತಿದ್ದ ಕಂಬ ಖಾಲಿ ನಿಂತಿತ್ತು, ಅದರ ಪಕ್ಕದಲ್ಲೇ ನಡೆದು ಬಂದರು. ಹೊಸದಾಗಿ ದೋಣಿ ಕಟ್ಟಿಸಿದವರು ಒಂದಿಬ್ಬರು ಅಭ್ಯಾಸಬಲದಿಂದ ಅವನನ್ನು ಕೇಳಲು ಬಂದಿದ್ದರಂತೆ, ಇವತ್ತು ಸಿಹಿ ಎಲ್ಲಿಂದ ಎಂದು. "ಬೇರೆಯವರನ್ನ ಕೇಳ್ರಪ್ಪ" ಎಂದು ಬಾಗಿಲು ಹಾಕಿಕೊಂಡನಂತೆ. ಊಟಕ್ಕೆ ಉಪ್ಪು ಸಾಕೇ ಎಂದು ಅಕ್ಕ ಕೇಳಿದರೂ, "ನೀನೇ ನೋಡು" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕ ಹೊಳೆ ನೋಡಬೇಕೆಂದಳು. ಅವನಿಗೆ ಎರಡನೇ ಪಾಳಿ, ಇನ್ನೂ ಹೊತ್ತಿತ್ತು. ಮೂವರೂ ನಿಧಾನವಾಗಿ ಸಿಹಿತಿರುವಿಗೆ ನಡೆದೆವು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುತ್ತಿದ್ದವಳು ದಡದಲ್ಲಿ ಮಂಡಿಯೂರಿದಳು. ಏಳು ಎಂದು ನಾನು ತೋಳು ಹಿಡಿದರೆ ಕೊಡವಿದಳು. ಅಂಗೈಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿ, ಅವನು ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿದಳು.

"ಸಿಹಿ ಇದೆ, ಸೀವರ್" ಎಂದಳು. "ಬಾ, ನೋಡು. ನೀನು ಹೇಳಿದ್ದು ತಪ್ಪಾಗಿರ್ಲಿಲ್ಲ. ಸಿಹಿನೇ ಇದೆ."

ಅವನು ಬಗ್ಗಲಿಲ್ಲ. ಅವಳನ್ನು ಎಬ್ಬಿಸಿ, ಅವಳ ಒದ್ದೆ ಕೈಯನ್ನು ತನ್ನ ಕೋಟಿಗೆ ಒರೆಸಿದ.

"ಮೇಲೆ ಮಾತ್ರ" ಎಂದ.

ಹೊಳೆಯಾಚೆ ಸೈರನ್ ಆಯಿತು. ಅವನು ಟೋಪಿ ಸರಿಮಾಡಿಕೊಂಡು, ಅಕ್ಕನನ್ನು ಮನೆ ಮುಟ್ಟಿಸು ಎಂದು ನನಗೆ ಹೇಳಿ, ಕೆಲಸಕ್ಕೆ ಹೋದ.